ಬೆರಳು ಮರಳುವವರೆಗೆ

ಮಾದಾಪುರದ ಸೊಸೈಟಿ ಅಂಗಡಿಯ ಬೀಗ
ಡಿಸೆಂಬರಿನಲ್ಲಿ ಕಬ್ಬಿಣವಲ್ಲ,
ಕಚ್ಚುವ ಪ್ರಾಣಿ.
ಬೀಗದ ಕೈ ತಿರುಗಿಸುವಷ್ಟರಲ್ಲಿ
ನಡುಬೆರಳು ನನ್ನ ಬಿಟ್ಟು ಹೊರಟಿರುತ್ತದೆ.
ಮೊದಲು ತುದಿ. ಆಮೇಲೆ ಎರಡನೇ ಗೆಣ್ಣಿನವರೆಗೆ
ಗೆರೆ ಎಳೆದ ಹಾಗೆ ಬಿಳಿ,
ರಾತ್ರಿಯಿಡೀ ನೀರಲ್ಲಿ ನೆನೆದ ಅಕ್ಕಿಯ ಬಿಳಿ.
ಗೆರೆಯ ಈಚೆ ನಾನು.
ಗೆರೆಯ ಆಚೆ ಯಾರೋ.

ಚುಚ್ಚಿದರೂ ಗೊತ್ತಾಗುವುದಿಲ್ಲ. ನೋಡಿದ್ದೇನೆ,
ಚೀಟಿ ಸಿಕ್ಕಿಸುವ ಗುಂಡುಸೂಜಿಯಿಂದ.

ಮಡಿಕೇರಿಯ ಡಾಕ್ಟರು ನನ್ನ ಉಗುರನ್ನು ಒತ್ತಿ, ಬಿಟ್ಟು,
ಗಡಿಯಾರ ನೋಡಿದರು.
"ನಿಮ್ಮ ರಕ್ತನಾಳಗಳಿಗೆ ಪುಕ್ಕಲುತನ" ಎಂದರು,
"ಚಳಿಯ ಸುಳಿವು ಸಿಕ್ಕರೆ ಸಾಕು, ಬಾಗಿಲು ಹಾಕಿ ಅಗುಳಿ ಜಡಿಯುತ್ತವೆ,
ಹೊರಗೆ ಉಳಿದವರ ಗತಿ ನೋಡುವುದಿಲ್ಲ."
ಅದಕ್ಕೊಂದು ಫ್ರೆಂಚ್ ಹೆಸರಿದೆಯಂತೆ, ಚೀಟಿಯಲ್ಲಿ ಬರೆದರು.
ಮೆಡಿಕಲ್ ಶಾಪಿನ ಹುಡುಗನಿಗೂ ಓದಲಾಗಲಿಲ್ಲ.
ಕೈಗವಸು ಹಾಕಿ. ಬೆಂಕಿಗೆ ನೇರ ಕೈ ಒಡ್ಡಬೇಡಿ,
ಸುಟ್ಟರೂ ಬೆರಳು ನಿಮಗೆ ಹೇಳುವುದಿಲ್ಲ.

ಹೇಳುವುದಿಲ್ಲ, ನಿಜ.
ಹೋಗುವಾಗ ಸದ್ದೇ ಇಲ್ಲ ಅದಕ್ಕೆ.
ಬರುವಾಗ ನೋಡಬೇಕು:
ನೇರಳೆಯಾಗಿ, ಆಮೇಲೆ ಕೆಂಪಾಗಿ,
ಮುನಿಸಿಕೊಂಡು ಹೋದವಳು
ಪಾತ್ರೆ ಬಡಿಯುತ್ತಾ ಮರಳಿದ ಹಾಗೆ.
ನಾನು ಗೋದಾಮಿನ ಮೂಲೆಗೆ ಹೋಗಿ
ಸೆರಗು ಕಚ್ಚಿಕೊಂಡು ನಿಲ್ಲುತ್ತೇನೆ.

ಮನೆಯಲ್ಲಿ ಅತ್ತೆಯದು ಇದಕ್ಕೆ ತದ್ವಿರುದ್ಧ.
ಕಂಬಳಿಯೊಳಗೆ ಕಾಲು ಹೊಕ್ಕರೆ ಸಾಕು, ಪಾದ ಕೆಂಡ.
ಮಾಗಿಯ ರಾತ್ರಿಯಲ್ಲೂ ಸಿಮೆಂಟಿನ ನೆಲಕ್ಕೆ ಅಂಗಾಲು ಒತ್ತಿ
ಗೋಡೆಗೊರಗಿ ಕೂತಿರುತ್ತಾರೆ.
ಹದಿನಾಲ್ಕು ವರ್ಷ ನನ್ನ ಸಾರಿಗೆ ಉಪ್ಪು ಕಡಿಮೆ ಎಂದವರು
ಒಂದು ರಾತ್ರಿ ದೀಪ ಹಾಕದೆ ಕರೆದರು:
"ಬಾ ಇಲ್ಲಿ. ನಿನ್ನ ಆ ಹೆಣದ ಕೈ ಇಡು."
ಇಟ್ಟೆ.
ಇಬ್ಬರೂ ಮಾತಾಡಲಿಲ್ಲ.
ಬೆಳಿಗ್ಗೆ ಸಾರಿಗೆ ಉಪ್ಪು ಕಡಿಮೆಯೇ ಇತ್ತು.

ಇವತ್ತು, ಲೈನ್‌ಮನೆಯ ಅಂಗಮ್ಮ.
ಆರು ಗಂಟೆಗೇ ಇಬ್ಬನಿ ತೊಟ್ಟಿಕ್ಕುವ ಕಾಫಿ ಗಿಡಕ್ಕೆ ಕೈ ಹಾಕಿ
ಹಣ್ಣು ಕೊಯ್ದು, ಅರ್ಧ ದಿನದ ರಜೆ ಕೇಳಿ ಬಂದವಳು.
ಯಂತ್ರದ ಕೆಂಪು ಗಾಜಿನ ಮೇಲೆ ಹೆಬ್ಬೆಟ್ಟು.
ಹೊಂದುತ್ತಿಲ್ಲ. ಮತ್ತೆ ಪ್ರಯತ್ನಿಸಿ.
ತೋರುಬೆರಳು. ಹೊಂದುತ್ತಿಲ್ಲ.
ಸಾಲಿನಲ್ಲಿ ಯಾರೋ: "ತಿಕ್ಕಮ್ಮಾ, ಸೀರೆಗೆ ಚೆನ್ನಾಗಿ ತಿಕ್ಕು."
ತಿಕ್ಕಿದಳು.
ಕಾಫಿಯ ಕರೆ ಹೋಗಲಿ ಎಂದು ಎಂಜಲು ಹಚ್ಚಿ ತಿಕ್ಕಿದಳು.
"ಬೆರಳು ಸವೆದಿದೆ ಅಕ್ಕಾ" ಎಂದಳು, ತಪ್ಪು ತನ್ನದೆಂಬಂತೆ.

ಸವೆದಿರಲಿಲ್ಲ. ನಾನು ನೋಡಿದೆ:
ಎರಡನೇ ಗೆಣ್ಣಿನಲ್ಲಿ ಆ ಗೆರೆ.

ಇಷ್ಟು ವರ್ಷ ಈ ಊರಿನಲ್ಲಿ
ನಾನೊಬ್ಬಳೇ ಎಂದುಕೊಂಡಿದ್ದೆ.
ಬಿಸಿ ಮಾಡಲೆಂದು ಅವಳ ಕೈ ಹಿಡಿದೆ.
ಎರಡೂ ಒಂದೇ ಚಳಿ;
ಯಾವ ಬೆರಳು ಯಾರದೆಂದು ಇಬ್ಬರಿಗೂ ತಿಳಿಯಲಿಲ್ಲ.
ಅವಳಿಗೆ ನಗು ಬಂತು.
ತಕ್ಕಡಿಯ ಪಕ್ಕದ ಫ್ಲಾಸ್ಕಿನಿಂದ ಬೆಲ್ಲದ ಕಾಫಿ ಸುರಿದು,
ಲೋಟಕ್ಕೆ ಬಟ್ಟೆ ಸುತ್ತಿ, ಅವಳ ಅಂಗೈಗಿಟ್ಟೆ.
"ಕುಡಿಯಬೇಡ, ಹಿಡಿದುಕೋ" ಎಂದೆ.
ಸಾಲು ಗೊಣಗಿತು. ಗೊಣಗಲಿ.
ಸರ್ವರ್ ಇಲ್ಲವೆಂದರೆ ಮೂರು ಗಂಟೆ ಕಾಯುವ ಜನ,
ರಕ್ತಕ್ಕಾಗಿ ಹತ್ತು ನಿಮಿಷ ಕಾಯಲಾರರೆ?

ನೇರಳೆ ಬಂತು. ಅವಳ ಹುಬ್ಬು ಗಂಟಾಯಿತು.
ಕೆಂಪು ಬಂದಾಗ ಸೆರಗಿನ ತುದಿ ಬಾಯಿಗೆ ಹೋಯಿತು,
ಅದೂ ನನ್ನ ಹಾಗೆಯೇ.
ಹೆಬ್ಬೆಟ್ಟಿಟ್ಟಳು.
ಯಂತ್ರ ಒಪ್ಪಿತು: ಇವಳು ಇವಳೇ.

ಅಕ್ಕಿ ತೂಗಿದೆ.
ಚೀಲದ ಬಾಯಿ ಕಟ್ಟಲು ಮಾತ್ರ ಅವಳಿಗೇ ಹೇಳಬೇಕಾಯಿತು.
ನಾನಿನ್ನೂ ನಾನಾಗಿರಲಿಲ್ಲ.